ಒಂದು ದೇಶದಲ್ಲಿ ಸೂಪರ್‌ಸ್ಟಾರ್, ಇನ್ನೊಂದು ದೇಶದಲ್ಲಿ ಯಾರೋ ಒಬ್ರು: ಯಾಕೆ ಹೀಗೆ?

ನೀವು ಕೇಳಿರೋದು ಎರಡು ವಿಷ್ಯ. ಒಂದು, ಇಲ್ಲಿ ಕೋಟಿಗಟ್ಟಲೆ ಜನ ಮುಗಿಬೀಳೋ ಸ್ಟಾರ್‌ಗಳನ್ನ ಹೊರದೇಶದಲ್ಲಿ ಯಾರೂ ಗುರುತೇ ಹಿಡಿಯಲ್ವಲ್ಲ, ಅವ್ರಲ್ಲಿ ಅಷ್ಟು ಪ್ರತಿಭೆ ಇಲ್ಲ ಅಂತಾನಾ? ಎರಡು, ಹಾಗಾದ್ರೆ ಇಡೀ ಜಗತ್ತಿಗೇ ಗೊತ್ತಿರೋ ಸೆಲೆಬ್ರಿಟಿ ಅಂತ ಯಾರಾದ್ರೂ ಇದಾರಾ? ಮೊದಲನೇದಕ್ಕೆ ಸುತ್ತಿ ಬಳಸದೆ ಹೇಳ್ಬಿಡ್ತೀನಿ, ಪ್ರತಿಭೆಗೂ ಇದಕ್ಕೂ ಸಂಬಂಧ ತುಂಬಾ ಕಮ್ಮಿ. ಯಾವ ದೇಶಕ್ಕೆ ಯಾವ ಕಾಲದಲ್ಲಿ ಯಾರ ಹಾಡು, ಯಾರ ಸಿನಿಮಾ ಹೋಗಿ ತಲುಪ್ತು, ಅದನ್ನ ಅಲ್ಲಿ ಯಾರು ಒಳಗೆ ಬಿಟ್ರು, ಆಗ ಅಲ್ಲಿನ ಜನಕ್ಕೆ ನೋಡೋಕೆ ಕೇಳೋಕೆ ಬೇರೆ ಏನಿತ್ತು, ಮುಕ್ಕಾಲು ಪಾಲು ಇದರ ಮೇಲೇ ನಿಂತಿರುತ್ತೆ.

ನನಗೆ ಗೊತ್ತಿರೋದ್ರಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಕೇಸು ಅಂದ್ರೆ ಸಿಕ್ಸ್ಟೋ ರೋಡ್ರಿಗಸ್ ಅವರದ್ದು. ಅಮೆರಿಕದ ಡೆಟ್ರಾಯಿಟ್‌ನ ಹಾಡುಗಾರ. 1970ರಲ್ಲಿ ಕೋಲ್ಡ್ ಫ್ಯಾಕ್ಟ್ ಅಂತ ಆಲ್ಬಂ ಬಂತು, ಮಾರನೇ ವರ್ಷ ಇನ್ನೊಂದು ಬಂತು, ಎರಡೂ ಅಮೆರಿಕದಲ್ಲಿ ನೆಲಕಚ್ಚಿದ್ವು, ರೆಕಾರ್ಡ್ ಕಂಪನಿಯೋರು ಕೈ ತೊಳ್ಕೊಂಡ್ರು, ಈ ಮನುಷ್ಯ ಹಳೇ ಕಟ್ಟಡ ಕೆಡವೋದು, ಮನೆ ರಿಪೇರಿ ಮಾಡೋದು ಅಂತ ಕೂಲಿ ಕೆಲ್ಸ ಮಾಡ್ಕೊಂಡು ಮಕ್ಕಳನ್ನ ಸಾಕಿದ್ರು. ಅಷ್ಟರಲ್ಲಿ ಆ ರೆಕಾರ್ಡು ಹೇಗೋ ದಕ್ಷಿಣ ಆಫ್ರಿಕಾಗೆ ನುಸುಳಿತ್ತು. ಅಲ್ಲಿ ಆಗ ವರ್ಣಭೇದದ ಸರ್ಕಾರ, ಸೆನ್ಸಾರ್ ಬಿಗಿ, ಟಿವಿ ಅನ್ನೋದು ಶುರುವಾಗಿದ್ದೇ 1976ರಲ್ಲಿ, ಹೊರಗಿನ ಗಾಳಿ ಒಳಗೆ ಬರೋದೇ ಕಷ್ಟ. ಅಂಥಾ ಕಡೆ ವ್ಯವಸ್ಥೆನ ನೇರವಾಗಿ ಬೈಯೋ ಹಾಡು ಸಿಕ್ರೆ ಬಿಡ್ತಾರಾ, ಬಿಳಿಯರ ಮನೆಗಳ ಒಂದಿಡೀ ತಲೆಮಾರಿನ ಹುಡುಗ್ರು ಕ್ಯಾಸೆಟ್‌ಗೆ ಕಾಪಿ ಮಾಡ್ಕೊಂಡು ಕಾಪಿ ಮಾಡ್ಕೊಂಡು ಕೇಳಿದ್ರು. ಆದ್ರೆ ಹಾಡಿದೋರು ಯಾರು, ಎಲ್ಲಿಯೋರು, ಒಂದೂ ಗೊತ್ತಿಲ್ಲ. ಸ್ಟೇಜ್ ಮೇಲೇ ಪ್ರಾಣ ಕಳ್ಕೊಂಡ್ರು ಅಂತ ಒಂದು ಪುಕಾರು ಹಬ್ಬಿತ್ತು, ಎಲ್ರೂ ಅದನ್ನೇ ನಂಬಿದ್ರು.

ಕೊನೆಗೆ ತೊಂಬತ್ತರ ದಶಕದಲ್ಲಿ ಅಲ್ಲಿನ ಅಭಿಮಾನಿಗಳು ಇವ್ರನ್ನ ಹುಡುಕೋಕೆ ಅಂತಾನೇ ವೆಬ್‌ಸೈಟ್ ಮಾಡಿದ್ರು, ಅದು ರೋಡ್ರಿಗಸ್ ಮಗಳ ಕಣ್ಣಿಗೆ ಬಿತ್ತು, ಅಪ್ಪ ಬದುಕಿದಾರೆ ಅಂತ ಅವ್ರೇ ತಿಳಿಸಿದ್ರು. 1998ರಲ್ಲಿ ದಕ್ಷಿಣ ಆಫ್ರಿಕಾಗೆ ಕರೆಸ್ಕೊಂಡ್ರು. ಊರಲ್ಲಿ ಸುತ್ತಿಗೆ ಹಿಡ್ಕೊಂಡು ಗೋಡೆ ಒಡೀತಿದ್ದೋರು ಅಲ್ಲಿ ಸ್ಟೇಜ್ ಹತ್ತಿದ್ರೆ ಮುಂದೆ ಸಾವಿರಾರು ಜನ, ಪ್ರತಿ ಹಾಡಿನ ಪ್ರತಿ ಸಾಲೂ ಅವ್ರಿಗೆ ಬಾಯಿಪಾಠ. ಟೂರ್ ಮುಗಿದ್ಮೇಲೆ ವಾಪಸ್ ಡೆಟ್ರಾಯಿಟ್‌ಗೆ ಬಂದ್ರೆ ಮತ್ತೆ ಅದೇ ಕೆಲ್ಸ, ಅಕ್ಕಪಕ್ಕದೋರಿಗೆ ಏನೂ ಗೊತ್ತಿಲ್ಲ. 2012ರಲ್ಲಿ ಇವ್ರ ಮೇಲೆ ಸರ್ಚಿಂಗ್ ಫಾರ್ ಶುಗರ್ ಮ್ಯಾನ್ ಅನ್ನೋ ಡಾಕ್ಯುಮೆಂಟರಿ ಬಂತು, ಅದಕ್ಕೆ ಆಸ್ಕರ್ ಸಿಕ್ತು, ಅದಾದ್ಮೇಲೆ ಸ್ವಂತ ದೇಶದೋರು ಕಣ್ಣು ಬಿಟ್ಟಿದ್ದು. (ಇವ್ರು ಆಸ್ಟ್ರೇಲಿಯಾದಲ್ಲೂ ಹೆಸರು ಮಾಡಿದ್ರು, 1979ರಲ್ಲೇ ಅಲ್ಲಿ ಟೂರ್ ಕೂಡ ಮಾಡಿದ್ರು, ಆದ್ರೆ ಡಾಕ್ಯುಮೆಂಟರಿಲಿ ಅದರ ಸುದ್ದಿನೇ ಇಲ್ಲ. ಕಥೆ ಖಾರವಾಗಿರ್ಲಿ ಅಂತ ಬಿಟ್ಟಿರ್ಬೇಕು.) ಈಗ ಹೇಳಿ, ಹಾಡು ಅದೇ, ದನಿ ಅದೇ, ಡೆಟ್ರಾಯಿಟ್‌ನಲ್ಲಿ ಇಲ್ಲದ ಪ್ರತಿಭೆ ಕೇಪ್‌ಟೌನ್‌ನಲ್ಲಿ ಎಲ್ಲಿಂದ ಬಂತು?

ಬಾಗಿಲು ಮುಚ್ಚಿಕೊಂಡಿದ್ದ ದೇಶಗಳನ್ನ ನೋಡಿದ್ರೆ ಈ ಆಟ ಇನ್ನೂ ಸ್ಪಷ್ಟ ಆಗುತ್ತೆ. ಸ್ಟಾಲಿನ್ ತೀರಿಕೊಂಡ ಮಾರನೇ ವರ್ಷ, ಅಂದ್ರೆ 1954ರಲ್ಲಿ, ಸೋವಿಯತ್ ಒಕ್ಕೂಟದಲ್ಲಿ ರಾಜ್ ಕಪೂರ್ ಅವರ ಆವಾರಾ ರಿಲೀಸ್ ಆಯ್ತು, 6 ಕೋಟಿಗೂ ಜಾಸ್ತಿ ಟಿಕೆಟ್ ಹೋಯ್ತು. ಹಾಲಿವುಡ್ ಸಿನಿಮಾ ಅಲ್ಲಿಗೆ ಬರ್ತಿದ್ದಿದ್ದೇ ಅಪರೂಪ, ಯುದ್ಧ ಮುಗಿಸಿ ಬಸವಳಿದಿದ್ದ ಜನ, ಅವ್ರ ಸ್ವಂತ ಸಿನಿಮಾಗಳಲ್ಲಿ ಬರೀ ಕರ್ತವ್ಯ ತ್ಯಾಗ ಅಂತ ಉಪದೇಶ, ಅದರ ಮಧ್ಯೆ ಒಬ್ಬ ಹರಕು ಕೋಟಿನ ಬಡವ ಹಾಡ್ಕೊಂಡು ಬಂದ್ರೆ ಮನಸ್ಸು ಕರಗದೆ ಇರುತ್ತಾ. ಮೂವತ್ತು ವರ್ಷ ಆದ್ಮೇಲೆ ಮಿಥುನ್ ಚಕ್ರವರ್ತಿಗೂ ಡಿಸ್ಕೋ ಡ್ಯಾನ್ಸರ್‌ನಿಂದ ಅಲ್ಲಿ ಅದೇ ಯೋಗ. ಆದ್ರೆ ಅದೇ ಕಾಲದಲ್ಲಿ ಮಿಥುನ್ ಅಮೆರಿಕದ ಯಾವ್ದಾದ್ರೂ ಬೀದಿಲಿ ನಡ್ಕೊಂಡು ಹೋಗಿದ್ರೆ ಭಾರತೀಯರನ್ನ ಬಿಟ್ಟು ಒಬ್ರೂ ತಿರುಗಿ ನೋಡ್ತಿರ್ಲಿಲ್ಲ.

ಇನ್ನು ಯುರೋಪಿನ ಅಲ್ಬೇನಿಯಾ. ಎನ್ವರ್ ಹೊಕ್ಸಾ ಅನ್ನೋ ಕಮ್ಯುನಿಸ್ಟ್ ಸರ್ವಾಧಿಕಾರಿ ಪಾಶ್ಚಾತ್ಯ ಸಿನಿಮಾ ಹೆಚ್ಚುಕಮ್ಮಿ ಪೂರ್ತಿ ಬಂದ್ ಮಾಡಿಟ್ಟಿದ್ದ, ಆದ್ರೆ ಇಂಗ್ಲೆಂಡಿನ ಕಾಮಿಡಿ ನಟ ನಾರ್ಮನ್ ವಿಸ್ಡಮ್ ಸಿನಿಮಾಗಳಿಗೆ ಮಾತ್ರ ಪರ್ಮಿಷನ್. ಕಾರಣ ಕೇಳಿದ್ರೆ ನಗು ಬರುತ್ತೆ, ಅವ್ರ ಪಾತ್ರ ಯಾವಾಗ್ಲೂ ಸಣ್ಣಪುಟ್ಟ ಕೆಲಸದ ಬಡಪಾಯಿ, ಮೇಲಿನ ಸಾಹುಕಾರನ ಕಾಟ, ಕೊನೆಗೆ ಬಡಪಾಯಿನೇ ಗೆಲ್ಲೋದು, ಅಂದ್ಮೇಲೆ ಇದು ಬಂಡವಾಳಶಾಹಿ ವಿರುದ್ಧದ ಸಿನಿಮಾ ಅಂತ ಅಲ್ಲಿನ ಸರ್ಕಾರದ ಲೆಕ್ಕಾಚಾರ. ಬ್ರಿಟನ್‌ನಲ್ಲಿ ಅವ್ರ ಕಾಲ ಮುಗಿದು ಎಷ್ಟೋ ವರ್ಷ ಆದ್ಮೇಲೂ ಅಲ್ಬೇನಿಯಾಗೆ ಹೋದ್ರೆ ಅವ್ರ ಸುತ್ತ ಜಾತ್ರೆ. ಬೇರೆ ಏನೂ ನೋಡೋಕೆ ಇಲ್ದೆ ಇರೋ ಕಡೆ ಒಬ್ರೇ ಸ್ಟಾರ್ ಇದ್ರೆ ಅವ್ರೇ ಚಕ್ರವರ್ತಿ, ಅಷ್ಟೇ.

ಕ್ರೀಡೆಗೆ ಬಂದ್ರೆ ಲೆಕ್ಕ ಬೇರೆ. ಇಲ್ಲಿ ವ್ಯಕ್ತಿಗಿಂತ ಮೊದ್ಲು ಆಟಕ್ಕೆ ಗಡಿ ಇರುತ್ತೆ. 2014ರಲ್ಲಿ ವಿಂಬಲ್ಡನ್‌ನಲ್ಲಿ ಟೆನಿಸ್ ಆಟಗಾರ್ತಿ ಮಾರಿಯಾ ಶರಪೋವಾಗೆ ಸಚಿನ್ ಬಗ್ಗೆ ಕೇಳಿದ್ರು, ಅವ್ರು ಯಾರು ಅಂತ ನಂಗೆ ಗೊತ್ತಿಲ್ಲ ಅಂದ್ರು, ಆಮೇಲೆ ನಮ್ಮೋರು ಆಕೆಯ ಫೇಸ್‌ಬುಕ್ ಪೇಜ್‌ಗೆ ನುಗ್ಗಿ ಬೈದಿದ್ದು ನಿಮಗೂ ನೆನಪಿರ್ಬೋದು. ನಂಗೆ ಅವತ್ತೂ ಅನ್ಸಿದ್ದು ಇಷ್ಟೇ, ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದೋರಿಗೆ ಕ್ರಿಕೆಟ್ ಎಲ್ಲಿಂದ ಬರ್ಬೇಕು ಸ್ವಾಮಿ? ಕೊಹ್ಲಿಗೆ ಇನ್‌ಸ್ಟಾಗ್ರಾಮ್‌ನಲ್ಲಿ 25 ಕೋಟಿಗೂ ಜಾಸ್ತಿ ಫಾಲೋವರ್ಸ್ ಇದಾರೆ, ಆದ್ರೂ ಅಮೆರಿಕದ ಸಾಮಾನ್ಯ ಜನರ ಮಧ್ಯೆ ಆ ಮುಖ ಗುರುತು ಹಿಡಿಯೋರು ಕಮ್ಮಿ. ಇದೇ ಮಾತನ್ನ ತಿರುಗಿಸಿ ನೋಡಿ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ (ಅಲ್ಲಿನ ಲೀಗ್‌ನ ಫೈನಲ್) ಗೆದ್ದೋರು, ಅಲ್ಲಿ ಆತ ದಂತಕಥೆ, ಇಲ್ಲಿ ಹತ್ತು ಜನಕ್ಕೆ ಫೋಟೋ ತೋರಿಸಿ ನೋಡೋಣ.

ಇದರಲ್ಲಿ ನಂಗೆ ತುಂಬಾ ಇಷ್ಟವಾದ ಕಥೆ ಸೌರಭ್ ನೇತ್ರವಲ್ಕರ್ ಅವರದ್ದು. ಮುಂಬೈ ಹುಡುಗ, 2010ರಲ್ಲಿ ಭಾರತದ ಅಂಡರ್-19 ವರ್ಲ್ಡ್ ಕಪ್ ಟೀಮಲ್ಲಿ ಆಡಿದೋರು, ಆಮೇಲೆ ಓದೋಕೆ ಅಂತ ಅಮೆರಿಕಾಗೆ ಹೋಗಿ ಒರಾಕಲ್‌ನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆದ್ರು. 2024ರ ಜೂನ್‌ನಲ್ಲಿ ಟಿ20 ವರ್ಲ್ಡ್ ಕಪ್‌ನಲ್ಲಿ ಅಮೆರಿಕ ಪಾಕಿಸ್ತಾನಾನ ಸೂಪರ್ ಓವರ್‌ನಲ್ಲಿ ಸೋಲಿಸ್ತಲ್ಲ, ಆ ಓವರ್ ಹಾಕಿದ್ದು ಇವ್ರೇ. ರಾತ್ರೋರಾತ್ರಿ ಭಾರತದ ಪ್ರತಿ ಫೋನಲ್ಲೂ ಇವ್ರ ಮುಖ. ಆದ್ರೆ ಯಾವ ದೇಶದ ಜರ್ಸಿ ಹಾಕ್ಕೊಂಡು ಗೆಲ್ಲಿಸಿದ್ರೋ ಆ ದೇಶದಲ್ಲಿ ಅವತ್ತು ಮ್ಯಾಚ್ ಇತ್ತು ಅನ್ನೋದೇ ಬಹಳಷ್ಟು ಜನಕ್ಕೆ ಗೊತ್ತಿಲ್ಲ. ಬಿಟ್ಟು ಬಂದ ದೇಶದಲ್ಲಿ ಹೀರೋ, ಆಡ್ತಿರೋ ದೇಶದಲ್ಲಿ ಆಫೀಸಿಗೆ ಹೋಗೋ ಇಂಜಿನಿಯರ್!

ಕೆಲವು ಸಲ ಇದಕ್ಕೆಲ್ಲ ಏನೂ ದೊಡ್ಡ ಕಾರಣಾನೇ ಇರಲ್ಲ, ಒಂದು ಟಿವಿ ಚಾನೆಲ್‌ನ ಅಭ್ಯಾಸ ಸಾಕು. ನಮ್ಮ ಟೀಮಲ್ಲಿ ಒಬ್ಬ ಜರ್ಮನ್ ಇದಾರೆ, ವರ್ಷದ ಕೊನೇ ಕಾಲ್ ಮುಗಿಸೋವಾಗ ಈ ಸಲಾನೂ ಪ್ರತಿ ವರ್ಷದ ಕ್ರಮಾನೇ ತಾನೇ ಅಂತ ಒಂದು ಡೈಲಾಗ್ ಹೊಡೆದು ನಗ್ತಾರೆ. ಕಾಲ್‌ನಲ್ಲಿದ್ದ ಇಂಗ್ಲೆಂಡಿನೋರಿಗೆ ಅದು ತಲೆಬುಡ ಅರ್ಥ ಆಗ್ಲಿಲ್ಲ. ತಮಾಷೆ ಏನು ಗೊತ್ತಾ, ಆ ಡೈಲಾಗ್ ಇಂಗ್ಲಿಷ್ ನಾಟಕದ್ದೇ, ಹೇಳಿದೋರು ಇಂಗ್ಲೆಂಡಿನ ನಟರೇ! ಡಿನ್ನರ್ ಫಾರ್ ಒನ್ ಅಂತ ಒಂದು ಸಣ್ಣ ಹಾಸ್ಯ ಪ್ರಹಸನ, 1963ರಲ್ಲಿ ಜರ್ಮನಿಯ ಟಿವಿಯೋರು ಹ್ಯಾಂಬರ್ಗ್‌ನಲ್ಲಿ ಇಂಗ್ಲಿಷ್‌ನಲ್ಲೇ ರೆಕಾರ್ಡ್ ಮಾಡಿಟ್ರು. ತೊಂಬತ್ತು ವರ್ಷದ ಅಜ್ಜಿ ತನ್ನ ಹುಟ್ಟುಹಬ್ಬಕ್ಕೆ ನಾಲ್ಕು ಜನ ಸ್ನೇಹಿತರನ್ನ ಊಟಕ್ಕೆ ಕರೆದಿರ್ತಾಳೆ, ನಾಲ್ಕೂ ಜನ ಸತ್ತು ಯಾವ ಕಾಲ ಆಯ್ತೋ, ಹಾಗಾಗಿ ಬಡಿಸೋ ಬಟ್ಲರ್ ಆ ನಾಲ್ಕೂ ಕುರ್ಚಿಗಳ ಪರವಾಗಿ ತಾನೇ ಗ್ಲಾಸ್ ಎತ್ತಿ ಕುಡೀತಾ ಹೋಗ್ತಾನೆ, ಸುತ್ತು ಮುಗಿದ ಹಾಗೆಲ್ಲ ತೂರಾಟ ಜಾಸ್ತಿ, ನೆಲದ ಮೇಲಿರೋ ಹುಲಿ ಚರ್ಮದ ತಲೆಗೆ ಎಡವೋದೂ ಜಾಸ್ತಿ. ಇದನ್ನ ಜರ್ಮನಿಲಿ ಪ್ರತಿ ಡಿಸೆಂಬರ್ 31ಕ್ಕೆ ಹಾಕೇ ಹಾಕ್ತಾರೆ, ಮನೆಮಂದಿಯೆಲ್ಲ ಕೂತು ನೋಡ್ತಾರೆ. ಬ್ರಿಟನ್ ಟಿವಿಲಿ ಅದು ಪೂರ್ತಿಯಾಗಿ ಬಂದಿದ್ದು 2018ರಲ್ಲಿ. ಬಟ್ಲರ್ ಪಾತ್ರದ ಫ್ರೆಡ್ಡಿ ಫ್ರಿಂಟನ್ 1968ರಲ್ಲೇ ತೀರಿಕೊಂಡ್ರು, ಹೊಸವರ್ಷಕ್ಕೆ ಅದನ್ನ ಹಾಕೋ ಪದ್ಧತಿ ಗಟ್ಟಿಯಾಗಿದ್ದು ಎಪ್ಪತ್ತರ ದಶಕದಲ್ಲಿ, ಪಾಪ ತನಗೆ ಇಷ್ಟು ದೊಡ್ಡ ಹೆಸರು ಬರುತ್ತೆ ಅನ್ನೋದನ್ನ ಅವ್ರು ನೋಡಲೇ ಇಲ್ಲ.

ಡಬ್ಬಿಂಗ್ ವಿಷ್ಯಾನೂ ಸಣ್ಣದಲ್ಲ. ಟರ್ಕಿಯ ಗುಮುಶ್ ಅನ್ನೋ ಸೀರಿಯಲ್ ಅವರ ದೇಶದಲ್ಲಿ ಅಂಥಾ ದೊಡ್ಡ ಹಿಟ್ ಏನೂ ಆಗಿರ್ಲಿಲ್ಲ, ಅದನ್ನೇ 2008ರಲ್ಲಿ ನೂರ್ ಅಂತ ಹೆಸರು ಬದಲಾಯ್ಸಿ ಅರಬ್ ದೇಶಗಳಲ್ಲಿ ಹಾಕಿದ್ರು, ಅದೂ ಪುಸ್ತಕದ ಅರೇಬಿಕ್‌ನಲ್ಲಿ ಅಲ್ಲ, ಸಿರಿಯಾದ ಜನ ಮನೇಲಿ ಮಾತಾಡೋ ಆಡುಮಾತಲ್ಲಿ. ಮನೆಮಾತು ಕಿವಿಗೆ ಬಿದ್ದ ತಕ್ಷಣ ಪಾತ್ರಗಳು ನೆಂಟರ ಹಾಗೆ ಆಗ್ಬಿಟ್ವು, ಹೀರೋ ಕಿವಾಂಚ್ ತಾತ್ಲಿತುಗ್ ಅಲ್ಲಿ ದೊಡ್ಡ ಕ್ರೇಜ್ ಆದ್ರು, ಅರಬ್ ಪ್ರವಾಸಿಗರು ಸೀರಿಯಲ್ ಶೂಟಿಂಗ್ ಆದ ಬಂಗಲೆ ನೋಡೋಕೆ ಅಂತಾನೇ ಇಸ್ತಾಂಬುಲ್‌ಗೆ ಹೋಗೋಕೆ ಶುರು ಮಾಡಿದ್ರು.

ಸರ್ಕಾರಾನೇ ಹೆಸರು ಕಟ್ಟೋದೂ ಉಂಟು. ಡಾಕ್ಟರ್ ದ್ವಾರಕಾನಾಥ್ ಕೋಟ್ನಿಸ್ 1938ರಲ್ಲಿ ಭಾರತದಿಂದ ಚೀನಾಗೆ ಹೋಗಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಡ್ತಾ 1942ರಲ್ಲಿ ಅಲ್ಲೇ ತೀರಿಕೊಂಡ್ರು. ಅಲ್ಲಿ ಅವ್ರಿಗೆ ಪ್ರತಿಮೆ ಇದೆ, ಸ್ಮಾರಕ ಇದೆ, ಇಲ್ಲಿ ಈ ಕಾಲದ ಹುಡುಗರಿಗೆ ಹೆಸರು ಹೇಳಿದ್ರೆ ಯಾರು ಅಂತ ಕೇಳ್ತಾರೆ.

ಇನ್ನು ಈ ಗಡಿಗಳಿಂದ ಸ್ಟಾರ್‌ಗಳಿಗೂ ಲಾಭ ಇದೆ ಅನ್ನೋದನ್ನ ಮರೀಬೇಡಿ. ತಮ್ಮ ದೇಶದಲ್ಲಿ ಜಾಹೀರಾತು ಮಾಡಿದ್ರೆ ಮರ್ಯಾದೆ ಹೋಗುತ್ತೆ ಅಂತಿದ್ದ ಎಷ್ಟೋ ಹಾಲಿವುಡ್ ನಟರು ಜಪಾನ್‌ಗೆ ಹೋಗಿ ಸದ್ದಿಲ್ದೆ ಜಾಹೀರಾತು ಮಾಡಿ ದುಡ್ಡು ಎಣಿಸ್ಕೊಂಡು ಬರ್ತಿದ್ರು, ಯೂಟ್ಯೂಬ್ ಬಂದ್ಮೇಲೆ ಗುಟ್ಟೆಲ್ಲ ಹೊರಗೆ ಬಿತ್ತು. ಟಾಮಿ ಲೀ ಜೋನ್ಸ್ ಅಂತೂ 2006ರಿಂದ ಅಲ್ಲಿನ ಬಾಸ್ ಕಾಫಿ ಜಾಹೀರಾತಲ್ಲಿ ಮನುಷ್ಯನ ವೇಷದ ಅನ್ಯಗ್ರಹ ಜೀವಿಯಾಗಿ ಬರ್ತಿದಾರೆ. ಉಲ್ಟಾ ಕೂಡ ಆಗುತ್ತೆ, ಶಾರುಖ್ ಖಾನ್ ಅವರನ್ನ 2009ರಲ್ಲಿ ಅಮೆರಿಕದ ನ್ಯೂವರ್ಕ್ ಏರ್‌ಪೋರ್ಟಲ್ಲಿ ತಡೆದು ಕೂರಿಸಿದ್ರು. ಅದೇ ಶಾರುಖ್‌ಗೆ ಜರ್ಮನಿಲಿ ಆಗ್ಲೇ ಡಬ್ಬಿಂಗ್ ಸಿನಿಮಾಗಳಿಂದ ಹುಚ್ಚು ಅಭಿಮಾನಿಗಳಿದ್ರು.

ಇಂಟರ್ನೆಟ್ ಬಂದ್ಮೇಲೆ ಇದೆಲ್ಲ ಮುಗೀತು ಅಂತ ಕೆಲವರು ವಾದ ಮಾಡ್ತಾರೆ, ನಾನು ಒಪ್ಪಲ್ಲ. ಮೊದ್ಲು ದೇಶಕ್ಕೊಬ್ಬ ಸೆನ್ಸಾರ್, ಒಬ್ಬ ಚಾನೆಲ್ ಮಾಲೀಕ ಇದ್ದ, ಈಗ ಪ್ರತಿಯೊಬ್ರ ಫೋನಲ್ಲೂ ಒಂದೊಂದು ಅಲ್ಗಾರಿದಮ್ ಕೂತಿದೆ. ಒಂದೇ ಮನೇಲಿ ಅಣ್ಣ ನೋಡೋ ಯೂಟ್ಯೂಬರ್ ತಂಗಿಗೆ ಗೊತ್ತಿಲ್ಲ, ಅವನಿಗೆ ಐವತ್ತು ಲಕ್ಷ ಸಬ್‌ಸ್ಕ್ರೈಬರ್ಸ್ ಇದ್ರೂನೂ. ಗಡಿ ಹೋಗಿಲ್ಲ, ಜಾಗ ಬದಲಾಯ್ಸಿದೆ ಅಷ್ಟೆ.

ಎರಡನೇ ಪ್ರಶ್ನೆಗೆ ಬರ್ತೀನಿ, ಎಲ್ಲಾ ಕಡೆ ಗೊತ್ತಿರೋರು ಇದಾರೆ, ಆದ್ರೆ ಬೆರಳೆಣಿಕೆ. ಗಮನಿಸಿ ನೋಡಿ, ಅವ್ರಲ್ಲಿ ಬಹುತೇಕರ ಕೆಲಸಕ್ಕೆ ಭಾಷೆ ಬೇಕಿಲ್ಲ ಅಥವಾ ತೀರಾ ಕಮ್ಮಿ ಸಾಕು. ಚಾಪ್ಲಿನ್, ಬ್ರೂಸ್ ಲೀ, ಜಾಕಿ ಚಾನ್, ಮೆಸ್ಸಿ, ರೊನಾಲ್ಡೊ. ಮೈಕಲ್ ಜಾಕ್ಸನ್ ಹಾಡಿದ್ದು ಇಂಗ್ಲಿಷ್‌ನಲ್ಲಾದ್ರೂ ಜನ ಮರುಳಾಗಿದ್ದು ಆ ಡ್ಯಾನ್ಸಿಗೆ. ಈಗಿನವರಲ್ಲಿ ಖಾಬಿ ಲಾಮ್ ನೋಡಿ, ಇಟಲಿಲಿ ಫ್ಯಾಕ್ಟರಿ ಕೆಲ್ಸ ಹೋದ್ಮೇಲೆ ಟಿಕ್‌ಟಾಕ್ ಶುರು ಮಾಡಿದ ಹುಡುಗ, ಬಾಯಿ ಬಿಡ್ದೆ ಬರೀ ಕೈ ಚಾಚಿ ಇಷ್ಟೇ ತಾನೇ ಅನ್ನೋ ಹಾಗೆ ಮುಖ ಮಾಡಿ, 2022ರಲ್ಲಿ ಟಿಕ್‌ಟಾಕ್‌ನಲ್ಲೇ ಅತಿ ಹೆಚ್ಚು ಫಾಲೋವರ್ಸ್ ಇರೋ ವ್ಯಕ್ತಿ ಆದ್ರು. ಮಿಸ್ಟರ್ ಬೀನ್ ಕೂಡ ಇದೇ ಸಾಲಿಗೆ ಸೇರುತ್ತೆ, ಮಕ್ಕಳಿಂದ ಮುದುಕರ ತನಕ ಆ ಮುಖ ಗೊತ್ತಿಲ್ದೆ ಇರೋ ದೇಶ ಸಿಗೋದು ಕಷ್ಟ. ಆದ್ರೆ ಅಲ್ಲೂ ಒಂದು ಕೊಕ್ಕೆ ಇದೆ, ಗೊತ್ತಿರೋದು ಬೀನ್. ರೋವನ್ ಅಟ್ಕಿನ್ಸನ್ ಬೇರೆ ಏನೇನು ಮಾಡಿದಾರೆ ಅಂತ ಕೇಳಿ, ಬ್ರಿಟನ್‌ನೋರು ಬ್ಲ್ಯಾಕ್‌ಆ್ಯಡರ್ ಅನ್ನೋ ಕಾಮಿಡಿ ಸೀರಿಯಲ್ ಅಂತ ತಟ್ಟನೆ ಹೇಳ್ತಾರೆ, ಉಳಿದ ಕಡೆ ಎಷ್ಟೋ ಜನ ಆ ನಟನ ಹೆಸರೇ ಬೀನ್ ಅಂದ್ಕೊಂಡಿದಾರೆ.