ಚುನಾವಣೆಯ ಟಿವಿ ಚರ್ಚೆಯಲ್ಲಿ ಕೆಲವರಿಗೇ ಜಾಸ್ತಿ ಮಾತಾಡೋ ಅವಕಾಶ ಸಿಗುವುದು ಯಾಕೆ?

ಒಂದು ಉತ್ತರಕ್ಕೆ ಎಷ್ಟು ಸೆಕೆಂಡು ಅನ್ನೋದು ಎಲ್ಲರಿಗೂ ಒಂದೇ, ಆದರೆ ಎಷ್ಟು ಪ್ರಶ್ನೆ ಬರುತ್ತದೆ ಅನ್ನೋದು ಒಂದೇ ಅಲ್ಲ. ಅಸಲಿ ವ್ಯತ್ಯಾಸ ಅಲ್ಲೇ ಇದೆ.

ಅಮೆರಿಕದ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಚುನಾವಣೆಗೆ ಟಿಕೆಟ್ ಬಯಸಿದವರ ನಡುವೆ 2019ರ ಜೂನ್‌ನಲ್ಲಿ ಮಯಾಮಿಯಲ್ಲಿ ಎರಡು ರಾತ್ರಿ ನಡೆದ ಚರ್ಚೆಯನ್ನೇ ನೋಡಿ. ಎರಡನೇ ರಾತ್ರಿ ವೇದಿಕೆ ಮೇಲೆ 10 ಜನ, ಉತ್ತರಕ್ಕೆ ತಲಾ 60 ಸೆಕೆಂಡು. ಕೊನೆಗೆ ಲೆಕ್ಕ ಹಾಕಿದರೆ ಜೋ ಬೈಡನ್‌ಗೆ ಸಿಕ್ಕಿದ್ದು 13 ನಿಮಿಷದ ಆಸುಪಾಸು, ಆಂಡ್ರ್ಯೂ ಯಾಂಗ್‌ಗೆ ಬರೀ 3 ನಿಮಿಷದಷ್ಟು!

ಯಾಕೆ ಹೀಗೆ? ಸಮೀಕ್ಷೆಯಲ್ಲಿ ಮುಂದಿರುವವರ ಕಡೆಗೇ ನಿರೂಪಕರು ಹೆಚ್ಚು ತಿರುಗುತ್ತಾರೆ. ಮೇಲಾಗಿ ಮುಂದಿರುವವರನ್ನೇ ತಾನೇ ಉಳಿದವರು ಹೆಸರು ಹಿಡಿದು ಟೀಕಿಸೋದು, ಆಗ ಅವರಿಗೆ ಮರುಉತ್ತರ ಕೊಡಲು ಮತ್ತೆ ಸಮಯ ಸಿಗುತ್ತದೆ (2019ರ ಜುಲೈ ಚರ್ಚೆಯಲ್ಲಂತೂ ಇದಕ್ಕೆ 30 ಸೆಕೆಂಡು ಅಂತ ನಿಯಮವೇ ಇತ್ತು). ಅಂದರೆ ಬೈಸಿಕೊಂಡಷ್ಟೂ ಲಾಭ! ಸುಮ್ನೆ ಮರ್ಯಾದೆಯಿಂದ ಸರದಿ ಕಾದವರು ಕಾಯುತ್ತಲೇ ಇರಬೇಕು.

ಫ್ರಾನ್ಸ್‌ನಲ್ಲಿ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿನ ಚರ್ಚೆಯ ದಾರಿಯೇ ಬೇರೆ. 2022ರಲ್ಲಿ ಅಭ್ಯರ್ಥಿಗಳಾದ ಮ್ಯಾಕ್ರನ್, ಲೆ ಪೆನ್ ಇಬ್ಬರ ಒಟ್ಟು ಮಾತಿನ ಸಮಯ ಗಡಿಯಾರದಲ್ಲಿ ಓಡುತ್ತಿತ್ತು. ಒಬ್ಬರು ಹಿಂದೆ ಬಿದ್ದರೆ ನಿರೂಪಕರು ಸರಿದೂಗಿಸುತ್ತಾರೆ. ನನಗೆ ಇದೇ ಸರಿ ಅನಿಸುತ್ತದೆ, ಆದರೆ ಅಲ್ಲಿ ಇರೋದು ಇಬ್ಬರೇ ಅಲ್ವಾ, 10 ಜನರ ನಡುವೆ ಇದನ್ನು ಮಾಡೋದು ಅಷ್ಟು ಸುಲಭವಲ್ಲ.