ಬೂಟ್ ಆಗುವಾಗ ರೇಡ್ ಅರೇಯನ್ನು ಹೊಸದಾಗಿ ಕ್ರಿಯೇಟ್ ಮಾಡಬೇಡಿ
ನಿಮ್ಮ ಪ್ರಶ್ನೆ ಇಷ್ಟು: ಉಬುಂಟು ಸರ್ವರ್‌ನಲ್ಲಿ ಎರಡು ಡಿಸ್ಕ್ ಸೇರಿಸಿ ರೇಡ್ 1 (ಎರಡರಲ್ಲೂ ಒಂದೇ ಡೇಟಾ ಇಡುವ ಜೋಡಣೆ, ಅಂದರೆ ಅರೇ) ಮಾಡಿದ್ದೀರಿ. ರೀಸ್ಟಾರ್ಟ್ ಆದ ಮೇಲೆ ಅರೇಯ ಹೆಸರು ಎಂಡಿ0 ಹೋಗಿ ಎಂಡಿ127 ಬರುತ್ತದೆ, ಮೌಂಟ್ ಆಗುವುದಿಲ್ಲ. ಬೂಟ್ ಆಗುವಾಗ ಓಡುವ ಆರ್‌ಸಿ.ಲೋಕಲ್ ಫೈಲಿನಲ್ಲಿ 'ಎಂಡಿಎಡಿಎಂ --ಕ್ರಿಯೇಟ್' (ಎಂಡಿಎಡಿಎಂ ಅಂದರೆ ರೇಡ್ ನೋಡಿಕೊಳ್ಳುವ ಕಮ್ಯಾಂಡ್) ಸಾಲು ಹಾಕಿ ಅಂತ ಯಾರೋ ಹೇಳಿದ್ದಾರೆ. ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಈಗಾಗಲೇ ಹಾಕಿದ್ದರೆ ಮುಂದಿನ ರೀಸ್ಟಾರ್ಟ್‌ಗೆ ಮೊದಲೇ ತೆಗೆದುಬಿಡಿ.

ಕ್ರಿಯೇಟ್ ಅನ್ನುವುದು ಇರುವ ಅರೇಯನ್ನು ಎಬ್ಬಿಸುವುದಿಲ್ಲ, ಅದರ ಮೇಲೆ ಹೊಸದನ್ನು ಬರೆಯುತ್ತದೆ. 'ಇಲ್ಲಿ ಹಳೇ ಅರೇ ಇದೆ, ಮುಂದುವರಿಸಲಾ?' ಅಂತ ಒಮ್ಮೆ ಕೇಳುತ್ತದೆ, ನಿಜ. ಆದರೆ ಸ್ಕ್ರಿಪ್ಟ್‌ನಲ್ಲಿ --ರನ್ ಸೇರಿಸಿದರೆ ಅದನ್ನೂ ಕೇಳುವುದಿಲ್ಲ. ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಪ್ರತಿ ಬೂಟ್‌ನಲ್ಲೂ ಅದೇ ಡಿಸ್ಕ್‌ಗೆ ಸಿಗುತ್ತವೆ ಅನ್ನುವ ಖಾತ್ರಿಯೂ ಇಲ್ಲ. ಒಂದು ಡಿಸ್ಕ್ ಕಳೆದ ವಾರವೇ ಅರೇಯಿಂದ ಹೊರಬಿದ್ದಿತ್ತು ಅಂದುಕೊಳ್ಳಿ. ಹೊಸದಾಗಿ ಕ್ರಿಯೇಟ್ ಮಾಡುವಾಗ ಅದೇ ಮೊದಲನೆಯದಾಗಿ ನಿಂತರೆ, ಹೋದ ವಾರದ ಡೇಟಾ ಇವತ್ತಿನ ಡೇಟಾ ಮೇಲೆ ಕಾಪಿ ಆಗುತ್ತದೆ. ಡೇಟಾವನ್ನು ತುಂಡು ಮಾಡಿ ಹಲವು ಡಿಸ್ಕ್‌ಗಳಿಗೆ ಹಂಚುವ ರೇಡ್ 5 ಆದರೆ ಇನ್ನೂ ಕಷ್ಟ. ಡಿಸ್ಕ್‌ಗಳ ಕ್ರಮ, ಚಂಕ್ ಸೈಜ್ (ಆ ತುಂಡಿನ ಅಳತೆ), ಡೇಟಾ ಶುರುವಾಗುವ ಜಾಗ, ಇದರಲ್ಲಿ ಯಾವುದೊಂದು ತಪ್ಪಿದರೂ ಫೈಲ್‌ಸಿಸ್ಟಂ ಕಾಣುವುದಿಲ್ಲ. ಅದರ ಜೊತೆಗೆ ಹಿನ್ನೆಲೆಯಲ್ಲಿ ಒಂದು ಡಿಸ್ಕ್ ಪೂರ್ತಿ ತಿದ್ದಿ ಬರೆಯುವ ಕೆಲಸವೂ ಶುರುವಾಗಿರುತ್ತದೆ.

ಇಷ್ಟಕ್ಕೂ ಅದು ಬೇಕಾಗಿಯೇ ಇಲ್ಲ. ಪ್ರತಿ ಡಿಸ್ಕ್‌ನಲ್ಲೂ ಸೂಪರ್‌ಬ್ಲಾಕ್ ಇರುತ್ತದೆ. ಅರೇಯ ಯುಯುಐಡಿ (ಗುರುತಿನ ಸಂಖ್ಯೆ), ತಾನು ಎಷ್ಟನೇ ಡಿಸ್ಕ್, ಕೊನೆಯ ಇವೆಂಟ್ ಸಂಖ್ಯೆ (ಅರೇ ಬದಲಾದಂತೆ ಏರುವ ಎಣಿಕೆ) ಎಲ್ಲ ಅದರಲ್ಲೇ ಇದೆ. ಬೂಟ್ ಆಗುವಾಗ ಯುಡೆವ್ (ಡಿಸ್ಕ್‌ಗಳನ್ನು ಗುರುತಿಸುವ ಲಿನಕ್ಸ್ ಭಾಗ) ಅದನ್ನು ಓದಿ ತಾನೇ ಜೋಡಿಸುತ್ತದೆ. ಎಂಡಿ127 ಬಂದಿದೆ ಅಂದರೆ ಅರೇ ಸಿಕ್ಕಿದೆ, ಅದರ ಹೆಸರು ಮಾತ್ರ ಬೂಟ್ ಸಮಯದ ಕಾನ್ಫಿಗ್‌ನಲ್ಲಿ ಇಲ್ಲ. ಗಾಬರಿ ಬೇಡ.

'ಎಂಡಿಎಡಿಎಂ --ಡೀಟೇಲ್ --ಸ್ಕ್ಯಾನ್' ಕೊಡಿ. ಬಂದ ಸಾಲನ್ನು ಎಂಡಿಎಡಿಎಂ.ಕಾನ್ಫ್ ಫೈಲಿಗೆ ಹಾಕಿ. ಅದರಲ್ಲಿ ಎಂಡಿ127 ಅಂತಿದ್ದರೆ ಎಂಡಿ0 ಅಂತ ತಿದ್ದಿ, ಅದೇ ಅರೇಯ ಹಳೇ ಸಾಲಿದ್ದರೆ ಅಳಿಸಿ. ಆಮೇಲೆ 'ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ -ಯು'. ಜಾಸ್ತಿ ಜನ ಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಕಾನ್ಫಿಗ್‌ನ ಒಂದು ಪ್ರತಿ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲಿ ಲೋಡ್ ಆಗುವ ಪುಟ್ಟ ಸಿಸ್ಟಂ) ಒಳಗೂ ಇರುತ್ತದೆ, ಮೊದಲು ಓದುವುದು ಅದನ್ನು.

ಏನನ್ನು ಎಲ್ಲಿ ಮೌಂಟ್ ಮಾಡಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್‌ ಫೈಲಿನಲ್ಲಿ ಫೈಲ್‌ಸಿಸ್ಟಂನ ಯುಯುಐಡಿ ಕೊಡಿ. ಇದು ಅರೇಯ ಯುಯುಐಡಿ ಅಲ್ಲ, ಬಿಎಲ್‌ಕೆಐಡಿ ಕಮ್ಯಾಂಡ್‌ನಲ್ಲಿ ಎಂಡಿ0 ಮುಂದೆ ಕಾಣುವುದು. ಡೇಟಾ ಅರೇ ಆದರೆ ನೋಫೇಲ್ (ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಸು ಅನ್ನುವ ಆಯ್ಕೆ) ಸೇರಿಸಿ, ಇಲ್ಲದಿದ್ದರೆ ಅರೇ ಸಿಗದ ದಿನ ಮೆಷಿನ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ಡಿವೈಸ್ ಟೈಮ್‌ಔಟ್ (ಅರೇ ಬರಲಿ ಅಂತ ಬೂಟ್‌ನಲ್ಲಿ ಕಾಯುವ ಸಮಯ) ಅನ್ನು ತೀರಾ ಇಳಿಸಬೇಡಿ. ಒಂದು ಡಿಸ್ಕ್ ಬರದಿದ್ದರೆ ಅದಕ್ಕಾಗಿ 30 ಸೆಕೆಂಡ್ ಕಾದು ಆಮೇಲೆ ಉಳಿದದ್ದರಲ್ಲೇ ಅರೇ ಶುರುವಾಗುತ್ತದೆ, ಅಷ್ಟರೊಳಗೆ ಬೂಟ್ ನಡೆಸುವ ಸಿಸ್ಟಂಡಿ ಕೈಬಿಡಬಾರದು. ಮೂಲದ 90 ಸೆಕೆಂಡ್ ಹಾಗೇ ಇರಲಿ.

ನೋಫೇಲ್‌ಗೆ ಒಂದು ಅಡ್ಡಪರಿಣಾಮ ಇದೆ. ಮೌಂಟ್ ಆಗದಿದ್ದರೂ ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತದೆ, ಖಾಲಿ ಫೋಲ್ಡರಿಗೆ ಬರೆದು ರೂಟ್ ಡಿಸ್ಕ್ ತುಂಬಿಸುತ್ತದೆ. ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರಿಗೆ 'ಚ್ಯಾಟರ್ +ಐ' (ಬದಲಾಯಿಸದಂತೆ ಬೀಗ ಹಾಕುವ ಕಮ್ಯಾಂಡ್) ಕೊಟ್ಟುಬಿಡಿ. ಮೌಂಟ್ ಆಗದ ದಿನ ರೂಟ್ ಬಳಕೆದಾರ ಕೂಡ ಅಲ್ಲಿ ಬರೆಯಲಾರ.

ಇನ್ನೊಂದು ಮಾತು, ಇದನ್ನು ಕೇಳುವವರು ಕಡಿಮೆ. ಪಾರ್ಟಿಷನ್ ಮಾಡದೆ ಇಡೀ ಡಿಸ್ಕನ್ನೇ ಅರೇಗೆ ಕೊಟ್ಟಿದ್ದೀರಾ? 1.2 ಆವೃತ್ತಿಯ ಸೂಪರ್‌ಬ್ಲಾಕ್ ಕೂರುವುದು ಡಿಸ್ಕ್‌ನ ಶುರುವಿನಿಂದ 4 ಕೆಬಿ ದೂರದಲ್ಲಿ. ಜಿಪಿಟಿ ಟೇಬಲ್‌ನ (ಡಿಸ್ಕ್‌ನ ಪಾರ್ಟಿಷನ್‌ಗಳ ಪಟ್ಟಿಯ) ಜಾಗವೂ ಅದೇ. ಡಿಸ್ಕ್‌ನ ಕೊನೆಯಲ್ಲಿ ಹಳೇ ಜಿಪಿಟಿಯ ಬ್ಯಾಕಪ್ ಉಳಿದಿದ್ದರೆ, ಕೆಲವು ಮದರ್‌ಬೋರ್ಡ್‌ಗಳು ರಿಪೇರಿ ಮಾಡುತ್ತೇವೆ ಅಂತ ಅದನ್ನು ಮುಂದಕ್ಕೆ ಬರೆಯುತ್ತವೆ, ಸೂಪರ್‌ಬ್ಲಾಕ್ ಅಳಿಸಿಹೋಗುತ್ತದೆ. ಅದಕ್ಕೇ ಪಾರ್ಟಿಷನ್ ಮಾಡಿ, ಅದನ್ನು ಅರೇಗೆ ಸೇರಿಸುವುದೇ ಸರಿ.

ಎಲ್ಲ ಆದ ಮೇಲೆ, ಬ್ಯಾಕಪ್ ಇಟ್ಟುಕೊಂಡು, ಮೆಷಿನ್ ಆಫ್ ಮಾಡಿ ಒಂದು ಡಿಸ್ಕ್‌ನ ಕೇಬಲ್ ತೆಗೆದು ಬೂಟ್ ಮಾಡಿ ನೋಡಿ. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ ಫೈಲಿನಲ್ಲಿ ಎರಡು ಯು ಅಕ್ಷರದ ಬದಲು ಒಂದು ಯು, ಒಂದು ಅಡಿಗೆರೆ ಕಾಣಬೇಕು. ಮತ್ತೆ ಆಫ್ ಮಾಡಿ ಕೇಬಲ್ ಹಾಕಿ, ಬೂಟ್ ಮಾಡಿ --ರೀ-ಆ್ಯಡ್ ಕೊಡಿ. ಬಿಟ್‌ಮ್ಯಾಪ್ (ಯಾವ ಭಾಗ ಬದಲಾಯಿತು ಅನ್ನುವ ದಾಖಲೆ) ಇದ್ದರೆ ಬದಲಾದ ಭಾಗ ಮಾತ್ರ ಸಿಂಕ್ ಆಗುತ್ತದೆ. ಸಿಂಕ್ ಮುಗಿಯುವ ಮೊದಲು ಇನ್ನೊಂದು ಡಿಸ್ಕ್ ತೆಗೆಯಬೇಡಿ.