ಲಿಂಕ್ಸ್ ಬ್ರೌಸರ್‌ಗೆ ಎಚ್‌ಟಿಟಿಪಿಎಸ್ ಬೆಂಬಲ ಸೇರಿಸುವುದು ಹೇಗೆ?

ಪುಣೆಯ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್‌ನಲ್ಲಿ, ಬರೀ ಅಕ್ಷರ ತೋರಿಸುವ ಲಿಂಕ್ಸ್ (Lynx) ಬ್ರೌಸರ್ ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಸುರಕ್ಷಿತವಾಗಿ ಬರುವ) ಪುಟ ತೆರೆಯುತ್ತಿಲ್ಲ ಎಂದು ಕೇಳಿದ್ದೀರಿ. ಲಿಂಕ್ಸ್ ಈ ಗೂಢಲಿಪಿಯ ಕೆಲಸವನ್ನು ತಾನೇ ಮಾಡುವುದಿಲ್ಲ. ಅದಕ್ಕೆ ಓಪನ್‌ಎಸ್‌ಎಸ್‌ಎಲ್ ಅಥವಾ ಗ್ನೂಟಿಎಲ್‌ಎಸ್ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಬೇಕು. ನಿಮ್ಮಲ್ಲಿರುವ ಲಿಂಕ್ಸ್ ಅದಿಲ್ಲದೆ ಕಂಪೈಲ್ ಆಗಿರಬೇಕು, ಅಂದರೆ ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ತಯಾರಿಸುವಾಗ ಅದನ್ನು ಸೇರಿಸಿಲ್ಲ. ಹಾಗಾಗಿ ಸೇರಿಸಿ ಮತ್ತೆ ಕಂಪೈಲ್ ಮಾಡಬೇಕು.

ಮೊದಲು ಓಪನ್‌ಎಸ್‌ಎಸ್‌ಎಲ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ. ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳು ಇರುವುದು ಅದರಲ್ಲೇ. ಆಮೇಲೆ ಲಿಂಕ್ಸ್ ಸೋರ್ಸ್ ಫೋಲ್ಡರ್‌ನಲ್ಲಿ 'ಕಾನ್ಫಿಗರ್' (configure) ಓಡಿಸುವಾಗ 'ವಿತ್-ಎಸ್‌ಎಸ್‌ಎಲ್' (--with-ssl) ಆಯ್ಕೆ ಕೊಟ್ಟು, ಕಂಪೈಲ್ ಮಾಡುವ 'ಮೇಕ್' (make) ಆದೇಶ ಓಡಿಸಿ. ಹೊಸ ಲಿಂಕ್ಸ್‌ಗೆ ವರ್ಷನ್ ಕೇಳಿದಾಗ (lynx -version) ಲೈಬ್ರರಿಯ ಹೆಸರು ಕಂಡರೆ ಸೇರಿಕೊಂಡಿದೆ ಅಂತಲೇ ಅರ್ಥ. ಎಚ್‌ಟಿಟಿಪಿಎಸ್ ಬಳಸುವ ಗೂಢಲಿಪಿ ನಿಯಮಾವಳಿಯಾದ ಟಿಎಲ್‌ಎಸ್‌ನ 1.3 ಆವೃತ್ತಿ ಬೇಕಿದ್ದರೆ 2018ರ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಅದರ ನಂತರದ್ದನ್ನೇ ಹಾಕಿ.

ಇಷ್ಟಾದರೂ ಸರ್ಟಿಫಿಕೇಟ್ (ಸೈಟಿನ ಗುರುತು ಖಾತ್ರಿಪಡಿಸುವ ಡಿಜಿಟಲ್ ಪತ್ರ) ತಕರಾರು ಬರಬಹುದು. ಆಗ ಸುಮ್ನೆ 'ವೈ' ಒತ್ತಿ ಮುಂದೆ ಹೋಗಬೇಡಿ. ಆ ಕಡೆ ಇರುವುದು ಯಾರು ಅನ್ನುವ ಖಾತ್ರಿಯೇ ಹೋದರೆ ಇಷ್ಟೆಲ್ಲ ಮಾಡಿ ಏನು ಬಂತು, ಅಲ್ವಾ? ಬೇರೆ ಸರ್ಟಿಫಿಕೇಟುಗಳನ್ನು ಪರೀಕ್ಷಿಸಲು ನಂಬುವ ರೂಟ್ ಸರ್ಟಿಫಿಕೇಟುಗಳ ಫೈಲ್ ಎಲ್ಲಿದೆ ಎಂದು 'ಎಸ್‌ಎಸ್‌ಎಲ್_ಸರ್ಟ್_ಫೈಲ್' (SSL_CERT_FILE) ಎಂಬ ಸೆಟ್ಟಿಂಗ್‌ನಲ್ಲಿ ತೋರಿಸಿ. ಕಂಪ್ಯೂಟರ್‌ನ ತಾರೀಕನ್ನೂ ನೋಡಿ, ಅದು ತಪ್ಪಿದ್ದರೆ ಸರ್ಟಿಫಿಕೇಟಿನ ಅವಧಿಗೆ ಹೊಂದದೆ ತಕರಾರು ಬರುತ್ತದೆ. ಮುಂಬೈನ ಮಾಟುಂಗಾದಲ್ಲಿ ನಮ್ಮ ಮಾವನ ಕಂಪ್ಯೂಟರ್ ಮುಂದೆ ನಾನು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡು ಕೂತಿದ್ದೆ. ಕೊನೆಗೆ ನೋಡಿದರೆ ಮದರ್‌ಬೋರ್ಡ್ ಮೇಲಿನ ಚಿಕ್ಕ ಸೆಲ್ ಸತ್ತು, ತಾರೀಕು 2002ಕ್ಕೆ ಹೋಗಿತ್ತು. ಸೆಲ್ ಬದಲಿಸಿ ತಾರೀಕು ಸರಿ ಮಾಡಿದ ಕೂಡಲೇ ಪುಟ ತೆರೆಯಿತು.